ಎಲ್ಲರ ಪರವಾಗಿ ಬರೆದ ಒಂದು ಸಾಲು

ಹಾನಗಲ್ ತಾಲೂಕಿನ ಸಣ್ಣ ಹಳ್ಳಿ ನಮ್ದು. ಚಿಕ್ಕವನಿದ್ದಾಗ ನಮ್ಮ ಓಣಿಗೆ ಕಾಗದ ಓದೋ ಹುಡುಗ ನಾನೇ. ಹಿರೇಕೆರೂರಿಗೆ ಕೊಟ್ಟ ಮಗಳಿಂದ ಇನ್‌ಲ್ಯಾಂಡ್ ಲೆಟರ್ ಬಂದ್ರೆ, ಬಾಜೂ ಮನಿ ಅಜ್ಜಿ 'ಓದೋ ತಮ್ಮಾ' ಅಂತ ಕಟ್ಟಿ ಮ್ಯಾಲೆ ಬಂದು ಕೂಡ್ತಿದ್ಲು. ಆಕೆ ಮನೆಯ ಕಷ್ಟ ಸುಖ ಎಲ್ಲ ನನಗೆ ಗೊತ್ತಿತ್ತು. ನನಗೆ ಗೊತ್ತು ಅನ್ನೋದು ಆಕೆಗೂ ಗೊತ್ತಿತ್ತು.

ಮುಂದೆ ಬೆಂಗಳೂರಿನಲ್ಲಿ ಒಂದು ಸರ್ವರ್ ನನ್ನ ಕೈಗೆ ಬಂತು. ನಲವತ್ತು ಚಿಲ್ಲರೆ ಜನ ಲಾಗಿನ್ ಆಗಿ ಮಟ್‌ನಲ್ಲಿ ಮೇಲ್ ನೋಡ್ತಿದ್ರು. ಮಟ್ ಅಂದ್ರೆ ಮೈಕೆಲ್ ಎಲ್ಕಿನ್ಸ್ 1995ರಲ್ಲಿ ಬರೆದ, ಕಪ್ಪು ಪರದೆ ಮೇಲೆ ಬರೀ ಕೀಬೋರ್ಡಿನಿಂದ ನಡೆಯೋ ಮೇಲ್ ಪ್ರೋಗ್ರಾಂ. ಅದು ಶುರುವಾಗುವಾಗ ಮೊದಲು ಇಡೀ ಸರ್ವರಿಗೆ ಸೇರಿದ ಮಟ್‌ಆರ್‌ಸಿ ಫೈಲ್ ಓದುತ್ತೆ, ಆಮೇಲೆ ಅವರವರ ಹೋಮ್ ಡೈರೆಕ್ಟರಿಯಲ್ಲಿರೋದನ್ನ. ಎರಡರಲ್ಲೂ ಒಂದೇ ಸೆಟ್ಟಿಂಗ್ ಇದ್ರೆ ಕೊನೆಗೆ ಓದಿದ್ದೇ ಉಳಿಯುತ್ತೆ. ಮೈನಸ್ ಎನ್ ಕೊಟ್ಟು ಶುರು ಮಾಡಿದ್ರಂತೂ ನನ್ನ ಫೈಲನ್ನ ಅದು ತಿರುಗಿಯೂ ನೋಡಲ್ಲ. ಎಡಿಟರ್, ಬಣ್ಣ, ಕನ್ನಡ ಅಕ್ಷರ ಸರಿ ಮೂಡೋಕೆ ಯುಟಿಎಫ್-8, ಎಲ್ಲ ಒಮ್ಮೆಲೇ ಹಾಕಿಕೊಟ್ಟೆ. ಜನ ಖುಷಿಪಟ್ರು.

ಒಂದಿನ ಮ್ಯಾನೇಜರ್, 'ಆ ಫೈಲಿಗೇ ಒಂದು ಬಿಸಿಸಿ ಸಾಲು ಹಾಕಿಬಿಡ್ರಿ, ಎಲ್ಲರ ಮೇಲ್‌ದೂ ನನಗೊಂದು ಕಾಪಿ ಬರ್ಲಿ' ಅಂದ್ರು. ಮೈ ಹೆಡರ್ ಅನ್ನೋ ಕಮ್ಯಾಂಡ್, ಒಂದೇ ಸಾಲಿನ ಕೆಲಸ. ಹಾಕಿದೆ. ಹೌದು, ಹಾಕಿದೆ. ಸಮಾಧಾನಕ್ಕೆ ಕಾರಣಗಳಿಗೇನು ಬರ? ಕಂಪನಿ ಸರ್ವರ್, ಕಂಪನಿ ಮೇಲ್. ಕಳಿಸೋ ಮುಂಚೆ ಬಿಸಿಸಿ ಪರದೆ ಮೇಲೆ ಕಾಣುತ್ತೆ, ಮುಚ್ಚಿಟ್ಟಿದ್ದೇನಿಲ್ಲ. ಬ್ಯಾಡಾದವರು ತಮ್ಮ ಫೈಲಿನಲ್ಲಿ ತೆಗೀಬಹುದು.

ಮೂರು ದಿನ ಯಾರೂ ಏನೂ ಕೇಳಲಿಲ್ಲ. ನಾಲ್ಕನೇ ದಿನ ಸವಣೂರು ಕಡೆಯ ಹುಡುಗ, ಹೊಸದಾಗಿ ಸೇರಿದವ, ಬಂದು ಮೆಲ್ಲಗೆ, 'ಅಣ್ಣಾ, ಈ ಬಿಸಿಸಿ ನಾ ಹಾಕಿಲ್ಲ. ನನ್ನ ಅಕೌಂಟ್ ಯಾರರ ಹ್ಯಾಕ್ ಮಾಡ್ಯಾರೇನು?' ಅಂದ. ಅಪ್ಪನ ಸಾಲದ ಬಗ್ಗೆ ಊರಿಗೆ ಬರೆದ ಮೇಲ್ ಅದು. ತಪ್ಪು ತನ್ನದೇ ಅಂತ ಹೆದರಿದ್ದ.

'ತೆಗೀಬಹುದಿತ್ತಲ್ಲ' ಅನ್ನೋ ನನ್ನ ವಾದ ಅವನ ಮುಖ ನೋಡಿದ ಮೇಲೆ ನಿಲ್ಲಲಿಲ್ಲ. ಇದೆ ಅಂತಲೇ ಗೊತ್ತಿಲ್ಲದ ಬಾಗಿಲನ್ನ ತೆರೆದಿಟ್ಟು, ಹೊರಗೆ ಹೋಗಲಿಲ್ಲ ಅಂದ್ರೆ ಒಪ್ಪಿಗೆ ಇದೆ ಅಂತ ತಿಳ್ಕೊಂಡಿದ್ದೆ. ಎಲ್ಲರ ಪರವಾಗಿ ಯಾರಾದ್ರೂ ಒಬ್ಬರು ಸೆಟ್ಟಿಂಗ್ ಹಾಕಲೇಬೇಕು, ಅದು ಖರೆ. ಯುಟಿಎಫ್-8ಕ್ಕೆ ನಾನು ಯಾರನ್ನೂ ಕೇಳಿರಲಿಲ್ಲ, ಕೇಳಬೇಕಿತ್ತು ಅಂತ ಈಗಲೂ ಅನ್ನಿಸಲ್ಲ. ಆದರೆ ಅದರ ಲಾಭ ಅವರಿಗಿತ್ತು. ಬಿಸಿಸಿ ಸಾಲಿನ ಲಾಭ ಬೇರೆಯವರಿಗೆ.

ಮ್ಯಾನೇಜರ್ ಹತ್ರ ಹೋಗಿ, ಲಾಗಿನ್ ಆದಾಗ ಎಲ್ಲರಿಗೂ ಕಾಣೋ ಹಾಗೆ ಇದನ್ನ ಬರೆದು ಹಾಕ್ತೀನಿ ಅಂದೆ.

'ಹೇಳಿಬಿಟ್ರೆ ಅದರಿಂದ ಉಪಯೋಗ ಏನ್ರೀ?' ಅಂದ್ರು.

ಸಾಲು ತೆಗೆದೆ. ಹುಡುಗನಿಗೂ ನಡೆದದ್ದು ಹೇಳಿದೆ. ಆ ಮೂರು ದಿನದ ಕಾಪಿಗಳು ಮಾತ್ರ ಹೋದಲ್ಲೇ ಇವೆ.