ಬೆಲೆ ಮತ್ತು ಬಾಳಿಕೆ

ಕನ್ನಡದಲ್ಲಿ ‘ಬೆಲೆ’ ಎಂಬ ಒಂದೇ ಪದಕ್ಕೆ ಎರಡು ಅರ್ಥಗಳುಂಟು. ಅಂಗಡಿಯಲ್ಲಿ ಎಣಿಸಿ ಕೊಡುವ ಹಣವೂ ಬೆಲೆ. ‘ಆತನ ಮಾತಿಗೆ ಬೆಲೆಯಿದೆ’ ಎನ್ನುವಾಗ ಸೂಚಿತವಾಗುವ ಯೋಗ್ಯತೆಯೂ ಬೆಲೆ. ಮೊದಲನೆಯದು ಹೆಚ್ಚಿದ್ದಲ್ಲಿ ಎರಡನೆಯದೂ ಹೆಚ್ಚಿರುವುದೆಂದು ಮನಸ್ಸು ಸಹಜವಾಗಿ ನಂಬುತ್ತದೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ? ಲಕ್ಷ ರೂಪಾಯಿಗೂ ಮಿಕ್ಕಿದ ಲ್ಯಾಪ್‌ಟಾಪುಗಳ ಮಾರುಕಟ್ಟೆ ಈ ಪ್ರಶ್ನೆಯನ್ನು ಪರೀಕ್ಷಿಸಲು ತಕ್ಕ ಸ್ಥಳ.

ಇಲ್ಲಿ ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಬಗೆಯ ಗುಣವಿದೆ. 1992ರಲ್ಲಿ ಐಬಿಎಂ ಆರಂಭಿಸಿ, 2005ರಲ್ಲಿ ಲೆನೊವೊ ಪಾಲಾದ ಥಿಂಕ್‌ಪ್ಯಾಡ್ ಗಟ್ಟಿತನಕ್ಕೂ ಒಳ್ಳೆಯ ಕೀಲಿಮಣೆಗೂ ಹೆಸರಾದುದು; ಅದನ್ನು ಬಿಚ್ಚಿ ಜೋಡಿಸುವ ಕೈಪಿಡಿಯನ್ನು ತಯಾರಕರೇ ಪ್ರಕಟಿಸುತ್ತಾರೆ. ಆಪಲ್ ಸಂಸ್ಥೆ 2020ರ ನವೆಂಬರಿನಲ್ಲಿ ತನ್ನದೇ ಎಂ1 ಚಿಪ್ಪನ್ನು ಅಳವಡಿಸಿದ ಬಳಿಕ, ಫ್ಯಾನ್ ಇಲ್ಲದ ಮ್ಯಾಕ್‌ಬುಕ್ ಏರ್ ಒಮ್ಮೆ ಚಾರ್ಜ್ ಮಾಡಿದರೆ ಸಾಮಾನ್ಯ ಕೆಲಸಕ್ಕೆ ದಿನವಿಡೀ ಒದಗುವಂತಾಯಿತು. 2021ರಲ್ಲಿ ಬಂದ ಫ್ರೇಮ್‌ವರ್ಕ್ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ, ಮೆಮೊರಿ, ಪರದೆಗಳನ್ನು ಒಡೆಯನೇ ಬದಲಿಸಬಹುದು. ಗುಣಗಳೇ ಹೀಗೆ ಭಿನ್ನವಾದಾಗ ‘ಯಾವುದು ಶ್ರೇಷ್ಠ?’ ಎಂಬುದಕ್ಕೆ ಮುನ್ನ ‘ಯಾವ ಕೆಲಸಕ್ಕೆ?’ ಎಂದು ಕೇಳಬೇಕಾಗುತ್ತದೆ. ಪತ್ರ ಬರೆದು ಲೆಕ್ಕ ಇಡುವವನಿಗೆ, ಚಲನಚಿತ್ರ ಸಂಕಲನಕ್ಕೆಂದು ರೂಪಿಸಿದ ಯಂತ್ರದ ಶಕ್ತಿಯ ಬಹುಭಾಗ ನಿರುಪಯೋಗಿ.

ಬೆಲೆಗಳನ್ನು ಹೋಲಿಸುವ ಪ್ರಾಮಾಣಿಕ ಕ್ರಮವೆಂದರೆ, ಕೊಟ್ಟ ಹಣವನ್ನು ಬಳಸಿದ ವರ್ಷಗಳಿಂದ ಭಾಗಿಸುವುದು. 1,20,000 ರೂಪಾಯಿಯ ಯಂತ್ರ ಎಂಟು ವರ್ಷ ದುಡಿದರೆ ವರ್ಷಕ್ಕೆ ಬೀಳುವ ವೆಚ್ಚ 15,000. 60,000 ರೂಪಾಯಿಯದು ಮೂರೇ ವರ್ಷಕ್ಕೆ ಕೆಟ್ಟರೆ 20,000. ಆದರೆ ಅದೇ ದುಬಾರಿ ಯಂತ್ರವನ್ನು ಹೊಸ ಮಾದರಿಯ ಮೋಹದಿಂದ ಮೂರು ವರ್ಷಕ್ಕೇ ಮೂಲೆಗಿಟ್ಟರೆ ವೆಚ್ಚ 40,000ಕ್ಕೆ ಏರುತ್ತದೆ. ಯಂತ್ರ ಅದೇ ಇದ್ದು, ಒಡೆಯನ ಮನಸ್ಸು ಮಾತ್ರ ಬದಲಾದುದರ ಫಲವಿದು. ಇದಲ್ಲದೆ ಕಾಣದ ವೆಚ್ಚವೂ ಒಂದುಂಟು. ತಯಾರಕರ ಪರಿಸರ ವರದಿಗಳನ್ನು ನೋಡಿದರೆ, ಲ್ಯಾಪ್‌ಟಾಪಿನಿಂದಾಗುವ ಇಂಗಾಲದ ಹೊರೆಯಲ್ಲಿ ಹೆಚ್ಚಿನ ಪಾಲು ಬಳಕೆಯದಲ್ಲ, ತಯಾರಿಕೆಯದು. ಅಕಾಲದಲ್ಲಿ ಯಂತ್ರ ಬದಲಿಸುವವನು ಆ ಹೊರೆಯನ್ನು ಮತ್ತೊಮ್ಮೆ ಭೂಮಿಯ ಮೇಲೆ ಹೇರುತ್ತಾನೆ.

ಹಾಗೆಂದು ದೋಷವನ್ನೆಲ್ಲ ಕೊಳ್ಳುವವನ ತಲೆಗೇ ಕಟ್ಟುವುದು ನ್ಯಾಯವಲ್ಲ. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೋದಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸೆಯಲಾಯಿತು. ಇಂದು ಇತರ ಹಲವು ತೆಳು ಲ್ಯಾಪ್‌ಟಾಪುಗಳಲ್ಲೂ ಅದೇ ಕ್ರಮ. ಮುಂದೆ ಬೇಕಾಗುವುದನ್ನು ಕೊಳ್ಳುವ ದಿನವೇ ಊಹಿಸಿ ಹಣ ತೆರಬೇಕು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಾಗ, ವಿಂಡೋಸ್ 11ರ ನಿಬಂಧನೆಗಳಿಗೆ ಹೊಂದದ ಎಷ್ಟೋ ಯಂತ್ರಗಳು ಸುಸ್ಥಿತಿಯಲ್ಲಿದ್ದೂ ಹಳೆಯವೆನಿಸಿದವು. ಫ್ರಾನ್ಸ್ ದೇಶವು 2021ರಿಂದ ಲ್ಯಾಪ್‌ಟಾಪಿನ ದುರಸ್ತಿ ಎಷ್ಟು ಸುಲಭವೆಂಬುದನ್ನು ಹತ್ತಕ್ಕೆ ಇಷ್ಟೆಂದು ಅಂಕವಿತ್ತು ತೋರಿಸಬೇಕೆಂದು ವಿಧಿಸಿತು. ಬೆಲೆಯ ಜೊತೆಗೆ ಬಾಳಿಕೆಯ ಸುಳಿವನ್ನೂ ತಿಳಿಸುವುದು ಮಾರುವವನ ಧರ್ಮವೆಂಬ ತತ್ತ್ವವನ್ನು ಈ ನಿಯಮ ಎತ್ತಿಹಿಡಿಯುತ್ತದೆ.

ಇನ್ನೊಂದು ವಿಷಮತೆಯೂ ವಿಚಾರಾರ್ಹ. ಒಮ್ಮೆಗೇ 1,20,000 ತೆರಬಲ್ಲವನಿಗೆ ವರ್ಷದ ವೆಚ್ಚ ಕಡಿಮೆ. ತೆರಲಾರದ ಬಡ ವಿದ್ಯಾರ್ಥಿಗೆ ಅದೇ ಹೆಚ್ಚು. ಆದುದರಿಂದ ಅಗ್ಗದ್ದನ್ನು ಕೊಂಡವನನ್ನು ಅವಿವೇಕಿಯೆಂದು ಹಳಿಯುವುದು ಸಲ್ಲದು. ಕಚೇರಿಗಳು ಬಳಸಿ ಬಿಟ್ಟ ಗಟ್ಟಿ ಯಂತ್ರಗಳನ್ನು ಸರಿಪಡಿಸಿ ಮಾರುವ, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆಗಳ ವರ್ತಕರು ಈ ಅಂತರವನ್ನು ತುಸುವಾದರೂ ತುಂಬುತ್ತಾರೆ.

ಯಂತ್ರದ ಮುಚ್ಚಳದ ಮೇಲಿನ ಚಿಹ್ನೆಯಿಂದ ಮನುಷ್ಯನನ್ನು ಅಳೆಯತೊಡಗಿದಾಗ ಮಾತ್ರ ಹೋಲಿಕೆ ವಿವೇಕದ ಎಲ್ಲೆ ಮೀರುತ್ತದೆ. ‘ಬಾಳಿಕೆ ಬರುತ್ತದೆ’ ಎಂದು ದುಬಾರಿಯದನ್ನು ಕೊಂಡು, ಎರಡನೆಯ ವರ್ಷವೇ ಮತ್ತೊಂದನ್ನು ಬಯಸುವವನು ಕೊಂಡದ್ದು ಒಂದು ನೆಪವನ್ನು ಮಾತ್ರ. ಗೃಹಸ್ಥನಿಗೆ ಹೇಳಿದ ಪರಿಗ್ರಹ ಪರಿಮಾಣದ ವಿವೇಕ ಇಲ್ಲಿ ನೆರವಿಗೆ ಬರುತ್ತದೆ. ಕೆಲಸ ಯಾವುದು, ಹಣ ಎಷ್ಟು, ವರ್ಷ ಎಷ್ಟು ಎಂಬ ಮೂರು ಮಿತಿಗಳನ್ನು ಅಂಗಡಿಯ ಮೆಟ್ಟಿಲೇರುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹಾಗೆ ಕೊಂಡ ಯಂತ್ರ ಯಾವ ಹೆಸರಿನದೇ ಆಗಿರಲಿ, ನೆರೆಯವನ ಕೈಯಲ್ಲಿ ಹೊಸದೊಂದು ಕಂಡ ದಿನವೂ ಅದರ ಬೆಲೆ ಕುಂದುವುದಿಲ್ಲ.