ಬಾಗಿಲು ಮುಚ್ಚಿ ಆಡಿದ ಮಾತು



ಸಾಂಗ್ಲಿ–ಮಿರಜ್ ಬಸ್ಸಿನಲ್ಲಿ ಯುವಜನರಾದ ನಾವು ಮೊಬೈಲನ್ನು ನೆಟ್ಟಗೆ ಹಿಡಿದು ಒಂದೆರಡು ನಿಮಿಷದ ಕಿರುಧಾರಾವಾಹಿಗಳನ್ನು ನೋಡುತ್ತೇವೆ. ಭಾಷೆ ಯಾವುದಾದರೂ ಕಥೆ ಹೆಚ್ಚುಕಡಿಮೆ ಒಂದೇ. ಅಣ್ಣ ಆಸ್ತಿ ನುಂಗುತ್ತಾನೆ, ಗಂಡ ಮೋಸ ಮಾಡುತ್ತಾನೆ, ಸೊಸೆಯನ್ನು ಹೊರಗೆ ಹಾಕುತ್ತಾರೆ. ಆಕೆ ಶ್ರೀಮಂತಳಾಗಿ ಮರಳಿ, ತುಂಬಿದ ಮದುವೆ ಮಂಟಪದಲ್ಲಿ ಎಲ್ಲರ ಬಣ್ಣ ಬಯಲು ಮಾಡುತ್ತಾಳೆ. ಕೈ ಎತ್ತಿದ ಕ್ಷಣಕ್ಕೆ ಸರಿಯಾಗಿ ಕಂತು ಮುಗಿಯುತ್ತದೆ. ಏಟು ಬೀಳುವುದನ್ನು ನೋಡಲು ಹಣ ಕಟ್ಟಬೇಕು.

ನಾಟಕವೇ ಬೇಡ ಎಂದು ನಾವು ಹೇಳುತ್ತಿಲ್ಲ. ಸಾಂಗ್ಲಿ ನಾಟಕದ ಊರು. ಕರ್ನಾಟಕದ ಮೇಳದ ಆಟದಿಂದ ಪ್ರೇರಣೆ ಪಡೆದು ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದ್ದು ಇಲ್ಲಿಯೇ. ಅನ್ಯಾಯ ಬಯಲಾಗಲಿ ಎಂಬ ಆಸೆಯೂ ತಪ್ಪಲ್ಲ. ಕೀರ್ತನೆಗಳಲ್ಲೂ ಆ ಮೊರೆ ಇದೆ. ಆದರೆ ಸತ್ಯ ಕೈಗೆ ಸಿಕ್ಕ ಮೇಲೆ ಅದನ್ನು ಏನು ಮಾಡಬೇಕು?

ಆದಿಕಾಂಡದ ಜೋಸೆಫನನ್ನು ನೋಡೋಣ. 17 ವರ್ಷದ ಹುಡುಗನನ್ನು ಅಣ್ಣಂದಿರೇ 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ರಕ್ತದಲ್ಲಿ ಅದ್ದಿದ ಅಂಗಿ ತೋರಿಸಿ, ಮಗ ಸತ್ತನೆಂದು ತಂದೆಯನ್ನು ನಂಬಿಸಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಬರಗಾಲದಲ್ಲಿ ಅದೇ ಅಣ್ಣಂದಿರು ಧಾನ್ಯಕ್ಕಾಗಿ ಬಂದು, ಗುರುತು ಸಿಗದೆ, ಅವನಿಗೇ ಅಡ್ಡಬಿದ್ದರು. ಅವನೀಗ ಈಜಿಪ್ಟಿನ ಅಧಿಪತಿ. ಅಧಿಕಾರವಿದೆ, ನೋಡಲು ಜನರಿದ್ದಾರೆ. ಸೇಡಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇಕೆ?

ಆದರೆ 45ನೇ ಅಧ್ಯಾಯದ ಮೊದಲ ವಚನ ಓದಿ. ತನ್ನ ಗುರುತು ಹೇಳುವ ಮುಂಚೆ ಜೋಸೆಫ ಪರಿವಾರದವರನ್ನೆಲ್ಲ ಹೊರಗೆ ಕಳಿಸಿದ. ಅಣ್ಣಂದಿರು ತನ್ನನ್ನು ಮಾರಿದ್ದನ್ನು ಅವರ ಮುಖಕ್ಕೇ ಹೇಳಿದ, ಅತ್ತ. ಅವರ ನಾಚಿಕೆಯನ್ನು ಮಾತ್ರ ಪ್ರದರ್ಶನಕ್ಕೆ ಇಡಲಿಲ್ಲ. ಅವರು ಬದಲಾಗಿದ್ದಾರೆಯೇ ಎಂದು ಮೊದಲೇ ಪರೀಕ್ಷಿಸಿದ್ದ. ಮಾರೋಣ ಎಂದಿದ್ದ ಯೆಹೂದನೇ ಆಗ ಕಿರಿಯ ತಮ್ಮ ಬೆನ್ಯಮೀನನ ಬದಲು ತಾನು ದಾಸನಾಗಲು ಮುಂದೆ ಬಂದ. ಕಿರುಧಾರಾವಾಹಿಯಲ್ಲಿ ಖಳನಿಗೆ ಬದಲಾಗಲು ಸಮಯವೇ ಇಲ್ಲ. ದೇವರು ಆ ಸಮಯ ಕೊಡುತ್ತಾರೆ.

ಸಂತ ಜೋಸೆಫರೂ ಹಾಗೆಯೇ. ಮರಿಯಮ್ಮನವರು ಗರ್ಭವತಿ ಎಂದು ತಿಳಿದು ಏನೂ ಅರ್ಥವಾಗದಿದ್ದಾಗಲೂ ಅವರನ್ನು ಬಹಿರಂಗ ಅವಮಾನಕ್ಕೆ ಗುರಿಮಾಡಲು ಒಪ್ಪಲಿಲ್ಲ. ಅಂಥವರನ್ನು ಶುಭಸಂದೇಶ ನೀತಿವಂತ ಎನ್ನುತ್ತದೆ. ತಪ್ಪು ಮಾಡಿದ ಸಹೋದರನ ಜೊತೆ ಮೊದಲು ಒಂಟಿಯಾಗಿ ಮಾತಾಡಬೇಕೆಂದು ಯೇಸುಸ್ವಾಮಿ ಕಲಿಸಿದ್ದೂ ಇದೇ ದಾರಿ (ಮತ್ತಾಯ 18:15).

ಹಾಗೆಂದು ಮನೆಯಲ್ಲಿ ಹೊಡೆತವೋ ಮಕ್ಕಳ ಮೇಲೆ ದೌರ್ಜನ್ಯವೋ ನಡೆಯುತ್ತಿದ್ದರೆ ಸುಮ್ಮನಿರಬಾರದು. ಪೊಲೀಸ್ 112, ಮಕ್ಕಳ ಸಹಾಯವಾಣಿ 1098. ಅಲ್ಲಿಗೆ ತಿಳಿಸುವುದು ಸೇಡಲ್ಲ, ರಕ್ಷಣೆ.

ಉಳಿದ ಜಗಳಗಳು ನಮಗೆ ಗೊತ್ತೇ ಇವೆ: ಹೊಲದ ಪಾಲು, ಅಮ್ಮನ ಬಂಗಾರ, ಮದುವೆಗೆ ಕರೆಯದ ಸಿಟ್ಟು. ಅವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದಾಗ ನೋಡುವವರಿಗೆ ಒಂದು ಕಂತು ಸಿಗುತ್ತದೆ. ನಮಗೆ ಅಣ್ಣ ಸಿಗುವುದಿಲ್ಲ. ಒಂದೇ ಅಜ್ಜನ ಮೊಮ್ಮಕ್ಕಳು ಒಂದೇ ಬಲಿಪೂಜೆಗೆ ಬಂದು, ಶಾಂತಿ ಹಂಚುವ ಹೊತ್ತಿಗೆ ಮುಖ ತಿರುಗಿಸುತ್ತಾರೆ.

ಮುಂದಿನ ಭಾನುವಾರದೊಳಗೆ ಅಂಥ ಒಬ್ಬರಿಗೆ ನಾವೇ ಫೋನ್ ಮಾಡೋಣ. ನಮ್ಮ ನೋವನ್ನು ಹೇಳೋಣ, ಅವರದನ್ನೂ ಕೇಳೋಣ. ಒಪ್ಪದಿದ್ದರೆ ನಂಬಿಕೆಯ ಒಬ್ಬಿಬ್ಬರು ಹಿರಿಯರನ್ನು ಕರೆದುಕೊಂಡು ಹೋಗೋಣ.

ಪ್ರಭುವೇ, ಸತ್ಯ ಹೇಳುವ ಧೈರ್ಯವನ್ನೂ, ಅದನ್ನು ಬಾಗಿಲು ಮುಚ್ಚಿ ಹೇಳುವ ಪ್ರೀತಿಯನ್ನೂ ನಮಗೆ ದಯಪಾಲಿಸಿರಿ. ಆಮೆನ್.