ಹಿಂದೆ ನಿಂತ ಕಾಲಾಳು

ಚದುರಂಗ ಗಂಡಸರ ಆಟ, ನಮಗೇಕೆ ಅದರ ಉಸಾಬರಿ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. 2025ರ ಜುಲೈನಲ್ಲಿ ಜಾರ್ಜಿಯಾದ ಬಟೂಮಿಯಲ್ಲಿ ನಡೆದ ಮಹಿಳೆಯರ ವಿಶ್ವಕಪ್ಪಿನ ಫೈನಲ್‌ನಲ್ಲಿ ಎದುರುಬದುರು ಕೂತವರಿಬ್ಬರೂ ನಮ್ಮ ದೇಶದ ಹೆಣ್ಣುಮಕ್ಕಳೇ: ಕೊನೇರು ಹಂಪಿ ಮತ್ತು ದಿವ್ಯಾ ದೇಶಮುಖ್. ಗೆದ್ದ ದಿವ್ಯಾಗೆ ಆಗ ಹತ್ತೊಂಬತ್ತು ವರ್ಷ. ಹಾಗಾಗಿ ಈ ಆಟದ ಒಂದು ಮಾತನ್ನು ನಮ್ಮ ಜಗಲಿಗೆ ತಂದು ಕೂರಿಸಿಕೊಂಡರೆ ಯಾರೂ ಬೇಸರಪಡಬೇಕಾಗಿಲ್ಲ.

ಆ ಮಾತು ‘ಔಟ್‌ಪೋಸ್ಟ್’. ಹೊರಠಾಣೆ ಎನ್ನೋಣ. ಕುದುರೆಯ ನೆಗೆತ ಗಿಡ್ಡ. ಆನೆ, ಒಂಟೆಗಳ ಹಾಗೆ ದೂರದಲ್ಲಿ ನಿಂತು ಕೆಲಸ ಮಾಡಲು ಅದಕ್ಕಾಗದು. ಮೂಲೆಯಲ್ಲಿ ನಿಂತರೆ ಅದಕ್ಕೆ ನೆಗೆಯಲು ಎರಡೇ ಮನೆ, ನಡುವೆ ನಿಂತರೆ ಎಂಟು. ಆದ್ದರಿಂದ ಅದು ಎದುರಾಳಿಯ ಸೀಮೆಯೊಳಗೆ ಹೋಗಿ ನಿಲ್ಲಬೇಕು. ಅಲ್ಲಿ ಅದು ಉಳಿಯಬೇಕಾದರೆ ಎರಡು ಅನುಕೂಲ ಬೇಕು. ಎದುರಾಳಿಯ ಕಾಲಾಳುಗಳು ಅದನ್ನು ಓಡಿಸುವ ಹಾಗಿರಬಾರದು. ಕಾಲಾಳು ಹಿಂದಕ್ಕೆ ಬರುವಂತಿಲ್ಲವಲ್ಲ, ದಾಟಿ ಹೋದ ಕಾಲಾಳು ಆ ಮನೆಯನ್ನು ಮತ್ತೆ ಕಾಯಲಾರದು. ಇನ್ನೊಂದು, ನಮ್ಮದೇ ಒಂದು ಕಾಲಾಳು ಕುದುರೆಯ ಓರೆಯಲ್ಲಿ, ಒಂದು ಹೆಜ್ಜೆ ಹಿಂದೆ ನಿಂತು ಅದಕ್ಕೆ ಆಸರೆಯಾಗಬೇಕು. ರೀಗಾದಲ್ಲಿ ಹುಟ್ಟಿದ ನಿಮ್ಜೊವಿಚ್ 1925ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಈ ಠಾಣೆಯ ವಿಚಾರವನ್ನು ಶಾಸ್ತ್ರದ ಹಾಗೆ ಬಿಡಿಸಿಟ್ಟ.

ಯಂತ್ರಕ್ಕೆ ಇದನ್ನು ಕಲಿಸಹೊರಟಾಗ ಎಲ್ಲವೂ ಅಂಕಿಯಾಗಬೇಕಾಯಿತು. ಅಮೆರಿಕದ ಕ್ಲಾಡ್ ಶ್ಯಾನನ್ 1950ರ ಲೇಖನದಲ್ಲಿ ರಾಣಿಗೆ 9, ಆನೆಗೆ 5, ಒಂಟೆಗೂ ಕುದುರೆಗೂ 3, ಕಾಲಾಳಿಗೆ 1 ಎಂದು ಬೆಲೆ ಕಟ್ಟಿದ. ಕಾಲಾಳಿನ ರಕ್ಷಣೆಯಲ್ಲಿ ಮುಂದೆ ನಿಂತ ಕುದುರೆಯನ್ನೂ ಗಣಿಸಬೇಕು ಎಂದು ಸೂಚಿಸಿದ. ಮುಂದೆ ಬಂದ ಸ್ಟಾಕ್‌ಫಿಶ್‌ನಂಥ ಪ್ರೋಗ್ರಾಮುಗಳಲ್ಲಿ ಹೊರಠಾಣೆಗೆಂದೇ ಹೆಚ್ಚುವರಿ ಅಂಕ ಇತ್ತು. ಆ ಅಂಕ ಬರೆದದ್ದು ಯಾರ ಖಾತೆಗೆ? ಕುದುರೆಯ ಖಾತೆಗೆ.

ನನ್ನನ್ನು ಕಾಡುವುದು ಇದು. ಆಸರೆ ಕೊಟ್ಟ ಕಾಲಾಳು ಕದಲಿದರೆ ಠಾಣೆಯೇ ಉಳಿಯದು. ಕುದುರೆ ಮೆರೆಯುವಷ್ಟು ಹೊತ್ತೂ ಅದು ನಿಂತಲ್ಲೇ ನಿಲ್ಲಬೇಕು. ಕೊನೆಯ ಸಾಲು ಮುಟ್ಟಿದರೆ ತಾನೂ ರಾಣಿಯಾಗಬಹುದು ಎಂಬ ಹಕ್ಕು ಅದಕ್ಕೂ ಇದೆ. ಆದರೆ ಆ ನಡಿಗೆ ಮುಂದೂಡುತ್ತಲೇ ಹೋಗುತ್ತದೆ.

ನಮ್ಮ ಮನೆಗಳಲ್ಲಿ ಇಂಥ ಕಾಲಾಳುಗಳು ಎಷ್ಟಿಲ್ಲ! ಅಮ್ಮ ಹಾಸಿಗೆ ಹಿಡಿದ ವರ್ಷ ನನ್ನ ಅಕ್ಕ ಕಾಲೇಜು ಬಿಟ್ಟಳು. ನಾನು ಓದಿ ಕೆಲಸಕ್ಕೆ ಸೇರಿದೆ. ಒಮ್ಮೆ ಅವಳಿಗೆ ಈ ಕುದುರೆ, ಕಾಲಾಳಿನ ಕಥೆ ಹೇಳಿ, “ನಿನ್ನಿಂದಲೇ ಕಣೇ ಅಕ್ಕ ನಾನಿಲ್ಲಿರೋದು” ಎಂದೆ. ಅವಳು ಸೊಪ್ಪು ಬಿಡಿಸುತ್ತಲೇ, “ಪಾಪ ಅನ್ನೋ ಹಾಗೆ ನೋಡಬೇಡ. ನಿಲ್ಲಬೇಕು ಅಂತ ನಾನೇ ನಿಂತೆ. ಅದನ್ನೂ ನಿನ್ನ ಲೆಕ್ಕಕ್ಕೆ ಹಾಕ್ಕೋಬೇಡ” ಎಂದಳು.

ಮರದ ಕಾಲಾಳಿಗೆ ಮನಸ್ಸಿಲ್ಲ, ಅಕ್ಕನಿಗಿದೆ. ಅವಳ ತ್ಯಾಗವನ್ನು ಹೊಗಳುತ್ತಾ ಕೂತರೆ ಅವಳ ನಿರ್ಧಾರವನ್ನು ನಾವು ಕಸಿದುಕೊಂಡ ಹಾಗೆ. ಆದರೆ ಬೇರೆ ದಾರಿಯೇ ತೆರೆದಿರದ ಮನೆಯಲ್ಲಿ ‘ನಾನೇ ನಿಂತೆ’ ಎಂಬ ಮಾತಿಗೆ ಎಷ್ಟು ಅರ್ಥ? ನಿಲ್ಲಬೇಕಾದವಳು ಪ್ರತಿ ಸಲವೂ ಹೆಣ್ಣೇ ಏಕಾಗಬೇಕು? ಅಕ್ಕನ ಮಾತನ್ನು ಗೌರವಿಸಬೇಕು, ಈ ಪ್ರಶ್ನೆಯನ್ನೂ ಬಿಡಬಾರದು. ಎರಡೂ ಒಟ್ಟಿಗೇ ನಿಜ ಎಂದು ನನಗನ್ನಿಸುತ್ತದೆ.

ಯಂತ್ರಗಳು ಈಗ ಹಳೆಯ ಲೆಕ್ಕ ಬಿಟ್ಟಿವೆ. ಸ್ಟಾಕ್‌ಫಿಶ್ 2020ರಲ್ಲಿ ನರಜಾಲವನ್ನು ಅಳವಡಿಸಿಕೊಂಡಿತು. ಮನುಷ್ಯರು ಕೈಯಾರೆ ಬರೆದಿದ್ದ ಅಂಕಗಳ ಪಟ್ಟಿಯನ್ನು 2023ರಲ್ಲಿ ತೆಗೆದೇ ಹಾಕಿದರು. ಈಗ ಇಡೀ ಹಲಗೆಗೆ ಸೇರಿ ಒಂದೇ ಅಂಕಿ ಬರುತ್ತದೆ. ಯಾರದೂ ಹೆಚ್ಚಲ್ಲ, ಎಲ್ಲರೂ ಸೇರಿ ಇಷ್ಟು. ಕೇಳಲು ನ್ಯಾಯವಾಗಿಯೇ ಇದೆ. ನಮ್ಮ ಕೂಡುಕುಟುಂಬಗಳೂ ಹೀಗೇ ಹೇಳುತ್ತಿದ್ದವಲ್ಲವೇ? ‘ಮನೆಯ ಏಳಿಗೆ’ ಎಂಬ ಒಂದೇ ಮಾತಿನೊಳಗೆ ಯಾರ ಬೆನ್ನು ಎಷ್ಟು ಬಾಗಿತೆಂದು ಕೇಳುವ ಹಾಗೇ ಇರಲಿಲ್ಲ. ಹಳೆಯ ಲೆಕ್ಕ ಕಾಲಾಳನ್ನು ಮರೆಯಿತು, ಹೊಸದು ಎಲ್ಲರನ್ನೂ ಕರಗಿಸಿತು. ಆಟ ಗೆಲ್ಲಲು ಯಂತ್ರಕ್ಕೆ ಅಷ್ಟು ಸಾಕು. ಒಂದೇ ಸೂರಿನಡಿ ಬಾಳುವವರಿಗೆ ಸಾಲದು.

ಹಾಗಾದರೆ ಕುದುರೆ ಏನು ಮಾಡಬೇಕು? ಆಟದಲ್ಲೇ ಒಂದು ಉತ್ತರವಿದೆ. ಹೊರಠಾಣೆಯ ಕುದುರೆ ಅಲ್ಲಿ ಶೋಭೆಗೆ ನಿಂತದ್ದಲ್ಲ. ಅದರ ಕಾಟ ತಾಳಲಾರದೆ ಎದುರಾಳಿ ತನ್ನ ಕಾಯೊಂದನ್ನು ಕೊಟ್ಟು ಅದನ್ನು ಹೊಡೆಯಬೇಕಾಗಿ ಬರುವುದುಂಟು. ಆಗ ಹಿಂದಿದ್ದ ಕಾಲಾಳು ತಿರುಗಿ ಹೊಡೆದು ಅದೇ ಮನೆಗೆ ಬಂದು ನಿಲ್ಲುತ್ತದೆ. ಕೆಲವು ಸಲ ಅದರ ಮುಂದೆ ರಾಣಿಯಾಗುವ ದಾರಿಯೂ ತೆರೆದಿರುತ್ತದೆ. ಆಸರೆ ಕೊಟ್ಟವರಿಗೆ ಕೃತಜ್ಞತೆ ಹೇಳುವುದು ಸುಲಭ. ಅವರು ಒಂದು ಹೆಜ್ಜೆ ಮುಂದೆ ಬರುವ ಹಾಗೆ ನಮ್ಮ ಜಾಗ ಬಿಟ್ಟುಕೊಡುವುದು ಕಷ್ಟ. ಋಣ ತೀರುವುದು ಎರಡನೆಯದರಿಂದ.